ಅಳಿಯನ ಪಾಲಿನ ಪಾಯಸ

ಮೊನ್ನೆ ಭಾನುವಾರ ಖಾರಘರದಲ್ಲಿ ಮಗಳ ಮನೆಯ ಸೋಫಾದ ಮೇಲೆ ಕಾಲು ಮಡಚಿಕೊಂಡು ಕುಳಿತು ಸಿನಿಮಾ ನೋಡುತ್ತಿದ್ದೆ. ನನಗೆ ಪ್ರಾಣವಾದ ಜಾತಿಯ ಸಿನಿಮಾ. ಮಳೆಯಲ್ಲಿ ಹುಡುಗನೂ ಹುಡುಗಿಯೂ ಡಿಕ್ಕಿ ಹೊಡೆದುಕೊಳ್ಳುತ್ತಾರೆ, ಕೊಡೆಗಳು ಅದಲುಬದಲಾಗುತ್ತವೆ, ಹೆಸರು ಕೇಳುವಷ್ಟರಲ್ಲಿ ಬಸ್ಸು ಬಂದುಬಿಡುತ್ತದೆ. ಆಮೇಲೆ ಅವರಿಬ್ಬರನ್ನು ಸೇರಿಸುವುದಕ್ಕೆಂದು ವಿಧಿಯು ಬೇರೆ ಕೆಲಸವೇ ಇಲ್ಲದಂತೆ ಊರೆಲ್ಲ ಓಡಾಡುತ್ತದೆ. ಕೊನೆಯ ಹೊತ್ತಿಗೆ ಹುಡುಗಿಗೆ ಇನ್ನೊಬ್ಬನ ಜೊತೆ ನಿಶ್ಚಯವಾಗಿದೆ. ದೊಡ್ಡ ಹೋಟೆಲು, ಮೇಜಿನ ಮೇಲೆ ಮೇಣದಬತ್ತಿ, ಬಡಿಸಿಟ್ಟ ಬಿಸಿ ಊಟ. ಅಷ್ಟರಲ್ಲಿ ಕಿಟಕಿಯಾಚೆ ಆ ಹಳೆಯ ಕೊಡೆ! ಹುಡುಗಿ ಕುರ್ಚಿ ಹಿಂದಕ್ಕೆ ತಳ್ಳಿ ಓಡಿದಳು. ಎದುರಿಗಿದ್ದವನು ಚಮಚ ಹಿಡಿದುಕೊಂಡು ಹಾಗೇ ಕುಳಿತ.

"ಅಯ್ಯೋ ದೇವರೇ, ಆ ಇನ್ನೊಬ್ಬ ಊಟ ಮಾಡಿದ್ನಾ ಇಲ್ವಾ?" ಎಂದೆ ನಾನು.

"ಅಮ್ಮಾ, ಫಿರ್ ಸೇ? ಮತ್ತೆ ಅದೇನಾ?" ಎಂದು ಮಗಳು ಶ್ರದ್ಧಾ ಹಣೆ ಚಚ್ಚಿಕೊಂಡಳು. ಅಳಿಯ ಪ್ರಸನ್ನ ರಿಮೋಟ್ ಒತ್ತಿ ಸಿನಿಮಾ ನಿಲ್ಲಿಸಿ ನನ್ನ ಕಡೆ ತಿರುಗಿದ. ಅವನು ಏನು ಹೇಳಿದ ಎನ್ನುವುದನ್ನು ಆಮೇಲೆ ಹೇಳುತ್ತೇನೆ. ಈಗಲೇ ಹೇಳಿದರೆ ನಿಮಗೆ ಅರ್ಥವಾಗುವುದಿಲ್ಲ, ನನಗೂ ಹೇಳಿದ ಸಮಾಧಾನ ಇರುವುದಿಲ್ಲ.

ನಾನು ಹೋಟೆಲಿನವಳು. ಮುಂಬಯಿ ಪಕ್ಕದ ಠಾಣೆ ಊರಿನ ಹಳೇ ನಾಕಾದ ಹತ್ತಿರ ನಮ್ಮದೊಂದು ಶಾಕಾಹಾರಿ ಹೋಟೆಲು. ಇವರು, ಅಂದರೆ ನಮ್ಮ ಯಜಮಾನರು, ಅಡುಗೆಮನೆ ನೋಡಿಕೊಳ್ಳುತ್ತಾರೆ. ಮಧ್ಯಾಹ್ನದ ರಶ್ಶಿನಲ್ಲಿ ಗಲ್ಲಾದ ಮೇಲೆ ನಾನು. ಮದುವೆಯಾಗಿ ಬಂದ ಕೆಲವೇ ದಿನಕ್ಕೆ ಅತ್ತೆಯವರು ಆ ಸ್ಟೂಲಿನ ಮೇಲೆ ಕೂರಿಸಿದ್ದು, ಇನ್ನೂ ಇಳಿದಿಲ್ಲ. ಅಲ್ಲಿ ಕುಳಿತವಳಿಗೆ ಮೊದಲು ಕಾಣುವುದು ತಟ್ಟೆ, ಮುಖ ಆಮೇಲೆ. ಹೀಗಾಗಿ ಸಿನಿಮಾ ನೋಡುವಾಗಲೂ ನನ್ನ ಕಣ್ಣು ತಟ್ಟೆಯ ಮೇಲೇ. ಪ್ರೇಮಿಗಳು ಹೋಟೆಲಿನಲ್ಲಿ ಕುಳಿತು ಒಂದು ತುತ್ತೂ ತಿನ್ನದೆ ಜಗಳವಾಡಿ ಎದ್ದು ಹೋದರೆ, ಅವರ ಪ್ರೀತಿ ಮುರಿಯಿತಲ್ಲಾ ಎಂಬುದಕ್ಕಿಂತ ಅಷ್ಟು ಅನ್ನ ಹಾಳಾಯಿತಲ್ಲಾ ಎಂದು ನನಗೆ ಹೊಟ್ಟೆ ಉರಿಯುತ್ತದೆ.

ಈ ಸಿನಿಮಾ ಹುಚ್ಚು ಹಿಡಿದದ್ದು ಡೊಂಬಿವಲಿಯಲ್ಲಿ. ನಾನು ಹುಟ್ಟಿ ಬೆಳೆದದ್ದು ಅಲ್ಲಿಯ ಒಂದು ಚಾಳಿನಲ್ಲಿ, ಕೋಣೆಗೊಂದು ಸಂಸಾರ. ಇಡೀ ಮಹಡಿಗೆ ಟಿವಿ ಇದ್ದದ್ದು ಎದುರು ಖೋಲಿಯ ಮರಾಠಿ ಚಿಕ್ಕಮ್ಮ, ನಮ್ಮೆಲ್ಲರ ಕಾಕೂ ಮನೆಯಲ್ಲಿ ಮಾತ್ರ. ಭಾನುವಾರ ಸಂಜೆ ನಾವೆಲ್ಲ ಮಕ್ಕಳು ಅಲ್ಲಿ ನೆಲದ ಮೇಲೆ ಒತ್ತಿಕೊಂಡು ಕೂರುತ್ತಿದ್ದೆವು. ಕಾಕೂ ಕೊಡುತ್ತಿದ್ದ ಚುರುಮುರಿಯ ಎಣ್ಣೆಗೈಯನ್ನು ಫ್ರಾಕಿಗೆ ಒರೆಸಿಕೊಂಡು, ಹೀರೋ ಹೀರೋಯಿನ್ ಸೇರುತ್ತಾರೋ ಇಲ್ಲವೋ ಎಂದು ಉಸಿರು ಬಿಗಿಹಿಡಿದಿರುವಾಗಲೇ ಢಪ್ಪಂತ ಕರೆಂಟು ಹೋಗುತ್ತಿತ್ತು. ನನ್ನ ಬಾಲ್ಯದ ಎಷ್ಟೋ ಪ್ರೇಮಿಗಳು ಹೀಗೆ ಕರೆಂಟು ಹೋಗಿ ಒಂದಾಗಲೇ ಇಲ್ಲ. ಮರುದಿನ ಶಾಲೆಗೆ ಹೋಗುವ ದಾರಿಯಲ್ಲಿ ನಾನೇ ಅವರ ಮದುವೆ ಮಾಡಿಸುತ್ತಿದ್ದೆ. ಮಾಡಿಸಿ, ಬಿಟ್ಟುಹೋದ ಆ ಇನ್ನೊಬ್ಬನಿಗೂ ಒಬ್ಬಳನ್ನು ಹುಡುಕಿ ಕೊಟ್ಟು, ಎಲ್ಲರನ್ನೂ ಊಟಕ್ಕೆ ಕೂರಿಸಿದ ಮೇಲೆಯೇ ಶಾಲೆಯ ಗೇಟು ದಾಟುತ್ತಿದ್ದೆ.

ಹಾಗಂತ ವಿಧಿಯನ್ನು ನಾನು ಕಣ್ಣುಮುಚ್ಚಿ ನಂಬಿದವಳಲ್ಲ. ಡಿಕ್ಕಿಯಿಂದ ಪ್ರೀತಿ ಹುಟ್ಟುವುದಾದರೆ ಸಂಜೆ ಹೊತ್ತು ಠಾಣೆ ಸ್ಟೇಷನ್ನಿನ ಸೇತುವೆಯ ಮೇಲೆ ದಿನಾ ಸಾಮೂಹಿಕ ವಿವಾಹ ನಡೆಯಬೇಕಿತ್ತು. ಅಲ್ಲಿ ಡಿಕ್ಕಿ ಹೊಡೆದುಕೊಂಡವರು ಕಣ್ಣಲ್ಲಿ ಕಣ್ಣಿಟ್ಟು ನಿಲ್ಲುವುದಿಲ್ಲ, "ಅಂಧಾ ಹೈ ಕ್ಯಾ?" ಎಂದು ಕೇಳಿ ಮುಂದೆ ಹೋಗುತ್ತಾರೆ. ನನ್ನ ಮದುವೆಯಲ್ಲೂ ಕೊಡೆ ಗಿಡೆ ಏನೂ ಇರಲಿಲ್ಲ. ಇವರು ಹೆಣ್ಣು ನೋಡಲು ಬಂದವರು ಉಪ್ಪಿಟ್ಟಿನ ತಟ್ಟೆಯಿಂದ ತಲೆ ಎತ್ತಿ, "ಒಂದು ಲೋಟ ರವೆಗೆ ಎಷ್ಟು ನೀರು ಹಾಕ್ತೀರಿ?" ಎಂದು ಕೇಳಿದರು. ಎರಡೂವರೆ ಎಂದೆ. "ಮೂರು ಹಾಕಿದ್ರೆ ಇನ್ನೂ ಮೆತ್ತಗೆ ಬರ್ತದೆ" ಎಂದರು. ನಮ್ಮ ಪ್ರೇಮ ಸಂಭಾಷಣೆ ಅಲ್ಲಿಗೆ ಮುಗಿಯಿತು. ಆ ಮೂರನೆಯ ಲೋಟದ ಜಗಳ ಇನ್ನೂ ನಡೆಯುತ್ತಿದೆ, ಸುಖವಾಗಿದ್ದೇವೆ.

ಆದರೆ ಮಗಳ ವಿಷಯಕ್ಕೆ ಬಂದಾಗ ನನ್ನ ಧೈರ್ಯವೆಲ್ಲ ಉಡುಗಿತ್ತು. ಶ್ರದ್ಧಾ ಇಲ್ಲಿಯೇ ಹುಟ್ಟಿ ಬೆಳೆದವಳು; ನಾನು ಕನ್ನಡದಲ್ಲಿ ಕೇಳಿದರೆ ಅವಳು ಹಿಂದಿಯಲ್ಲಿ ಉತ್ತರಿಸುತ್ತಾಳೆ, ಸಿಟ್ಟು ಬಂದರೆ ಮರಾಠಿಯಲ್ಲಿ. ಹುಡುಗರನ್ನು ತೋರಿಸಿ ತೋರಿಸಿ ಸಾಕಾಗಿತ್ತು. ಯಾರಲ್ಲೂ ದೋಷ ಹೇಳುತ್ತಿರಲಿಲ್ಲ. "ಇಂಟರ್‌ವ್ಯೂ ಕೊಟ್ಟ ಹಾಗೆ ಆಗ್ತದೆ ಅಮ್ಮಾ" ಎನ್ನುವಳು, ಅಷ್ಟೇ. ಕೊನೆಗೆ ಖಾರಘರದ ಪ್ರಸನ್ನನ ಮಾತು ಬಂದಾಗ ಕೈಯೆತ್ತಿ ಹೇಳಿದಳು: "ಯೇ ಲಾಸ್ಟ್ ಹೈ ಹಾಂ. ಇದು ಆಗ್ಲಿಲ್ಲ ಅಂದ್ರೆ ಮದುವೆಯ ಟಾಪಿಕ್ ಮನೆಯಲ್ಲಿ ಬಂದ್. ಪ್ರಾಮಿಸ್ ಮಾಡು." ಮಾಡಿದೆ. ಮಾಡಿದ ಮೇಲೆ ಅಡುಗೆಮನೆಗೆ ಹೋಗಿ ಒಬ್ಬಳೇ ಅತ್ತೆ. ಮದುವೆ ಆಗಲೇಬೇಕೆಂಬ ಹಟಕ್ಕಲ್ಲ. ಸಂಜೆ ಕೆಲಸ ಮುಗಿಸಿ ಬಂದು, ಫೋನು ನೋಡುತ್ತಾ ತಟ್ಟೆಯಲ್ಲಿ ಅರ್ಧ ಬಿಟ್ಟೇಳುವ ಹುಡುಗಿ ಅವಳು. ಎದುರಿಗೆ ಒಬ್ಬರು ಕುಳಿತಿದ್ದರೆ ಪೂರ್ತಿ ಊಟ ಮಾಡಿಯಾಳು ಎಂಬ ಆಸೆ ನನಗೆ.

ಶ್ರದ್ಧಾಳ ಕಟ್ಟಳೆಗಳು ಸ್ಪಷ್ಟವಾಗಿದ್ದವು. ಸೀರೆ ಇಲ್ಲ, ಸಜ್ಜಿಗೆ ಇಲ್ಲ, ಎರಡೂ ಮನೆಯವರ ಮೆರವಣಿಗೆ ಇಲ್ಲ. ಭಾನುವಾರ ಮಧ್ಯಾಹ್ನ ನಮ್ಮ ಹೋಟೆಲಿನಲ್ಲೇ ಇಬ್ಬರೂ ಭೇಟಿಯಾಗುವುದು. ಬೇಜಾರು ಬಂದರೆ ಅಡುಗೆಮನೆಯ ಬಾಗಿಲಿನಿಂದ ಅವಳು ಹೊರಟುಹೋಗುವುದು. ನಾನು ಟೇಬಲ್ ಹತ್ತಿರ ಬರಬಾರದು, ಗುರಾಯಿಸಬಾರದು, ಏನನ್ನೂ ಕಳಿಸಬಾರದು. ಎಲ್ಲಕ್ಕೂ ಹೂಂ ಎಂದೆ. ಎಂದು, ಬೆಳಿಗ್ಗೆ ಬೇಗ ಎದ್ದು ಹೆಸರುಬೇಳೆ ಪಾಯಸ ಮಾಡಿ, ಸಣ್ಣ ಡಬ್ಬಿಯಲ್ಲಿ ಹಾಕಿ ಗಲ್ಲಾದ ಕೆಳಗೆ ಬಚ್ಚಿಟ್ಟುಕೊಂಡೆ. ಅಳಿಯನಾಗುವವನಿಗೆ ಒಂದು ಬಟ್ಟಲು ಸಿಹಿ ಇಲ್ಲದಿದ್ದರೆ ಹೇಗೆ, ನೀವೇ ಹೇಳಿ.

ಇಲ್ಲಿ ನಮ್ಮ ಕಡೆಯ ಹೋಟೆಲುಗಳ ಒಂದು ಪದ್ಧತಿಯನ್ನು ಹೇಳಬೇಕು. ರಶ್ಶಿನ ಹೊತ್ತಿನಲ್ಲಿ ಯಾವ ಕುರ್ಚಿಯೂ ಖಾಲಿ ಇರಕೂಡದು. ಟೇಬಲ್ಲಿನಲ್ಲಿ ಒಬ್ಬರೇ ಇದ್ದರೆ ಎದುರಿಗೆ ಗುರುತಿಲ್ಲದವರನ್ನು ತಂದು ಕೂರಿಸುತ್ತೇವೆ. ಇದಕ್ಕೆ ಶೇರಿಂಗ್ ಎನ್ನುತ್ತೇವೆ. ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಒಬ್ಬರದು ಮಸಾಲೆ ದೋಸೆ, ಇನ್ನೊಬ್ಬರದು ಥಾಲಿ, ನಡುವೆ ಒಂದೇ ನೀರಿನ ಜಗ್ಗು. ಬಾಗಿಲಲ್ಲಿ ನಿಂತವರಿಗೆ ಯಾವ ಕುರ್ಚಿ ಎಂದು ಗಲ್ಲಾದಿಂದ ಕೈ ತೋರಿಸುವವಳು ನಾನೇ. ವಿಧಿಗೂ ನಿನಗೂ ಒಂದೇ ಉದ್ಯೋಗ ಎಂದು ಇವರು ತಮಾಷೆ ಮಾಡುವುದುಂಟು.

ಆ ಭಾನುವಾರ ಇವರು ಎಲ್ಲ ವೇಟರುಗಳನ್ನೂ ಕರೆದು ಮೂಲೆಯ ಟೇಬಲ್ಲಿನ ಎರಡನೆಯ ಕುರ್ಚಿಗೆ ಯಾರನ್ನೂ ಬಿಡಬೇಡಿ ಎಂದು ತಾಕೀತು ಮಾಡಿದ್ದರು. ನನಗೆ ಮಾತ್ರ ಯಾರೂ ಹೇಳಲಿಲ್ಲ. ಹೇಳುವುದೇನು, ಪಾಯಸ ಮಾಡಿ ತಂದವಳು ನಾನೇ ಅಲ್ಲವೇ! ಶ್ರದ್ಧಾ ಹೊತ್ತಿಗೆ ಸರಿಯಾಗಿ ಬಂದು ಕುಳಿತಳು. ಹುಡುಗ ಬರಲಿಲ್ಲ. ಅಂದು ಖಾರಘರದಿಂದ ಬರುವ ಲೈನಿನಲ್ಲಿ ಮೆಗಾಬ್ಲಾಕ್. ಭಾನುವಾರ ಹಳಿ ರಿಪೇರಿಗೆ ರೈಲು ನಿಲ್ಲಿಸುತ್ತಾರೆಂಬುದು ಹುಟ್ಟಿದ ಮಗುವಿಗೂ ಗೊತ್ತು, ಎರಡೂ ಮನೆಯಲ್ಲಿ ಒಬ್ಬರಿಗೂ ನೆನಪಾಗಲಿಲ್ಲ. ಅಷ್ಟರಲ್ಲಿ ರಶ್ಶು ಏರಿತು. ಬಾಗಿಲಲ್ಲಿ ಜನ, ಗಲ್ಲಾದ ಮುಂದೆ ಜನ, ಪಾರ್ಸೆಲ್ಲಿನವರ ಗಲಾಟೆ. ನಾನು ಬಿಲ್ಲಿನ ಮೇಲೆ ತಲೆ ಬಗ್ಗಿಸಿಕೊಂಡಿದ್ದೆ. "ಒಬ್ಬಾಂವ ಅದೀನ್ರಿ, ಜಾಗಾ ಐತೇನ್ರಿ?" ಎಂದು ಒಂದು ದನಿ ಕೇಳಿತು. ತಲೆ ಎತ್ತಲೂ ಇಲ್ಲ. ಕೈ ತನ್ನಷ್ಟಕ್ಕೆ ಎದ್ದು ಮೂಲೆಯ ಖಾಲಿ ಕುರ್ಚಿಯನ್ನು ತೋರಿಸಿತು. "ಅಲ್ಲಿ ಶೇರ್ ಮಾಡಿ" ಎಂದು ಬಾಯಿ ಹೇಳಿಯೂ ಆಯಿತು. ಅದು ನನ್ನ ಮಗಳ ಟೇಬಲ್ಲು ಎಂದು ತಲೆಗೆ ಹೊಳೆಯಲೇ ಇಲ್ಲ.

ಸ್ವಲ್ಪ ಹೊತ್ತಿನ ಮೇಲೆ ಕೊಟ್ಟ ಮಾತು ಮುರಿದು ಆ ಕಡೆ ಕಣ್ಣು ಹಾಯಿಸಿದೆ. ಒಬ್ಬ ಗಂಡಸಿನ ಬೆನ್ನು. ಅವನ ಎದುರಿಗೆ ನನ್ನ ಮಗಳು ನಗುತ್ತಿದ್ದಳು! ಹಪ್ಪಳ ಮುರಿದು ಬಾಯಿಗೆ ಹಾಕಿಕೊಳ್ಳುತ್ತಾ, ಬಾಯಿ ಮುಚ್ಚಿಕೊಳ್ಳದೆ ನಗುತ್ತಿದ್ದಳು. ಹುಡುಗ ಬಂದ, ಸೀದಾ ಹೋಗಿ ಕುಳಿತ, ಮಗಳು ಮೆಚ್ಚಿದಳು ಎಂದುಕೊಂಡೆ. ನನ್ನ ತಲೆಯೊಳಗೆ ಪಿಟೀಲು, ಕೊಳಲು ಎಲ್ಲ ಒಟ್ಟಿಗೆ ಶುರುವಾದವು. ಫೋಟೋದಲ್ಲಿ ಹುಡುಗ ಟೋಪಿ, ಕಪ್ಪು ಕನ್ನಡಕ ಹಾಕಿಕೊಂಡು ಯಾವುದೋ ಗುಡ್ಡದ ಮೇಲೆ ನಿಂತಿದ್ದ. ಬೆನ್ನು ನೋಡಿ ಗುರುತು ಹಿಡಿಯುವುದು ಹೇಗೆ? ಡಬ್ಬಿ ತೆಗೆದು, ಪಾಯಸವನ್ನೆಲ್ಲ ದೊಡ್ಡ ಬಟ್ಟಲಿಗೆ ಸುರಿದು, ವೇಟರನ ಕೈಯಲ್ಲಿ ಕೊಟ್ಟು, "ಅವರಿಗೆ ಕೊಡು, ಬಿಲ್ಲಿಗೆ ಹಾಕಬೇಡ" ಎಂದೆ.

ಬಟ್ಟಲು ಆ ಟೇಬಲ್ಲಿಗೆ ಮುಟ್ಟುವುದಕ್ಕೂ ಬೆವರು ಸುರಿಸುತ್ತಾ ಒಬ್ಬ ಹುಡುಗ ಗಲ್ಲಾದ ಮುಂದೆ ಬಂದು ನಿಲ್ಲುವುದಕ್ಕೂ ಸರಿಹೋಯಿತು. "ಆಂಟಿ, ನಾನು ಪ್ರಸನ್ನ. ಸಾರಿ, ಮೆಗಾಬ್ಲಾಕ್ ಇತ್ತು. ಬಸ್ಸು, ಆಟೋ ಎಲ್ಲಾ ಮಾಡಿ ಬಂದೆ."

ಇವನು ಪ್ರಸನ್ನನಾದರೆ ಅಲ್ಲಿ ಪಾಯಸ ತಿನ್ನುತ್ತಿರುವವನು ಯಾರು?

ಇವರನ್ನು ಅಡುಗೆಮನೆಯಿಂದ ಕರೆಸಿದೆ. ಅವರು ಮೂಲೆಯ ಕಡೆ ನೋಡಿದರು, ಪ್ರಸನ್ನನನ್ನು ನೋಡಿದರು, ಆಮೇಲೆ ನನ್ನನ್ನು. "ಎಂತ ಮಾರಾಯ್ತಿ ನೀನು! ಆ ಜನವನ್ನು ಅಲ್ಲಿ ಕೂರಿಸಿದ್ದು ಯಾರು?"

"ನಾನೇ" ಎಂದೆ.

"ನಿಲ್ಲು, ಬೇರೆ ಕಡೆ ಜಾಗ ಮಾಡಿ ಎಬ್ಬಿಸ್ತೇನೆ" ಎಂದು ಇವರು ಹೊರಟರು. ಪ್ರಸನ್ನ ಅವರ ಕೈ ಹಿಡಿದು ನಿಲ್ಲಿಸಿದ. "ಬೇಡ ಅಂಕಲ್, ಪ್ಲೀಸ್. ಊಟ ಮಾಡ್ತಾ ಇದಾರೆ. ಖಾನೇ ಸೇ ಮತ್ ಉಠಾಯಿಯೇ, ಊಟದ ನಡುವೆ ಎಬ್ಬಿಸಬಾರದು. ನಾನು ನಿಲ್ತೇನೆ."

ಕುಡಿಯಲು ನೀರು ಕೊಟ್ಟೆ. ಇಡ್ಲಿಯಾದರೂ ತಿನ್ನು ಎಂದೆ. ಬೆಳಗಿನಿಂದ ಏನೂ ತಿಂದಿಲ್ಲವೆಂದು ಮುಖ ನೋಡಿದರೇ ಗೊತ್ತಾಗುತ್ತಿತ್ತು. "ಶ್ರದ್ಧಾ ಅವರೂ ಇನ್ನೂ ಊಟ ಮಾಡಿಲ್ಲ ಅಲ್ವಾ? ಒಟ್ಟಿಗೇ ಮಾಡ್ತೇನೆ" ಎಂದು ಸೋಂಪಿನ ಬಟ್ಟಲಿನ ಪಕ್ಕದಲ್ಲಿ ನಿಂತುಕೊಂಡ. ಬಿಲ್ಲು ಕೊಡಲು ಬರುವವರಿಗೆಲ್ಲ ಸರಿದು ಸರಿದು ಜಾಗ ಕೊಟ್ಟ. ಮೂಲೆಯಲ್ಲಿದ್ದ ಪುಣ್ಯಾತ್ಮ ಪಾಯಸ ಚಪ್ಪರಿಸಿ ಇನ್ನೊಮ್ಮೆ ಅನ್ನ ಹಾಕಿಸಿಕೊಂಡ.

ಇಷ್ಟು ವರ್ಷ ನೋಡಿದ ಸಿನಿಮಾಗಳೆಲ್ಲ ನನಗೇ ತಿರುಗಿಬಿದ್ದಿದ್ದವು. ಅವುಗಳ ಲೆಕ್ಕದಲ್ಲಿ ಅಕಸ್ಮಾತ್ತಾಗಿ ಎದುರು ಬಂದು ಕುಳಿತವನೇ ಹೀರೋ. ಮನೆಯವರು ನೋಡಿಟ್ಟ ಹುಡುಗ ಎಷ್ಟೇ ಒಳ್ಳೆಯವನಾದರೂ ಕೊನೆಯಲ್ಲಿ ಚಮಚ ಹಿಡಿದು ಕೂರಬೇಕಾದವನು. ಈ ಹಸಿದ ಹುಡುಗನ ಮುಖ ನೋಡನೋಡುತ್ತಾ, ಆ ವಿಧಿ ಎಂಬುದರ ಕಿವಿ ಹಿಂಡಬೇಕು ಎನ್ನಿಸಿತು. ಕೈ ತೋರಿಸಿದ್ದು ನಾನೇ ಎಂಬುದೂ ನೆನಪಾಯಿತು. ಇದೇ ಕೊನೆಯ ಭೇಟಿ. ಇದು ಹೋದರೆ ನಾನು ಮತ್ತೆ ಬಾಯಿ ಬಿಡುವಂತಿಲ್ಲ.

ಅಂತೂ ಆ ಮನುಷ್ಯ ಎದ್ದ. ಕೈ ತೊಳೆದು ಬಂದು ಗಲ್ಲಾದಲ್ಲಿ, "ನಿಮ್ಮ ಕಡೆ ಹುಗ್ಗಿ ಭಾಳ ತೆಳ್ಳಗ ಇರ್ತೈತ್ರಿ ಅಕ್ಕಾರ, ಆದ್ರ ರುಚಿ ಚಲೋ ಐತಿ" ಎಂದು ನನ್ನ ಪಾಯಸಕ್ಕೆ ತಮ್ಮೂರ ಹೆಸರಿಟ್ಟು ಹೋದ. ಪ್ರಸನ್ನ ಹೋಗಿ ಆ ಬೆಚ್ಚಗಿನ ಕುರ್ಚಿಯ ಮೇಲೆ ಕುಳಿತ. ಅವನಿಗೆ ಕೊಡಲು ಡಬ್ಬಿಯಲ್ಲಿ ಒಂದು ಚಮಚ ಪಾಯಸವೂ ಉಳಿದಿರಲಿಲ್ಲ. ಇಬ್ಬರೂ ಎರಡು ಥಾಲಿ ತರಿಸಿಕೊಂಡು ಊಟ ಮಾಡಿದರು. ರಶ್ಶು ಇಳಿದು ವೇಟರುಗಳು ಟೇಬಲ್ ಒರೆಸಲು ಶುರುಮಾಡಿದರೂ ಅವರು ಏಳಲಿಲ್ಲ. ಮಗಳ ತಟ್ಟೆ ವಾಪಸು ಬಂದಾಗ ನೋಡಿದೆ, ಖಾಲಿಯಾಗಿತ್ತು.

ಸಂಜೆ ಮನೆಯಲ್ಲಿ ನಾನು ತುಟಿ ಹೊಲಿದುಕೊಂಡು ಕುಳಿತಿದ್ದೆ. ಅವಳೇ ಬಂದು ಪಕ್ಕದಲ್ಲಿ ಕುಳಿತಳು. "ಅಮ್ಮಾ, ಮುಂದಿನ ಸಂಡೇ ನಾನೇ ಖಾರಘರಕ್ಕೆ ಹೋಗ್ತೇನೆ, ಅವನನ್ನು ಮೀಟ್ ಮಾಡ್ಲಿಕ್ಕೆ."

"ಆ ಇನ್ನೊಬ್ಬ ಯಾರೇ?" ಎಂದೆ.

"ಈರಣ್ಣ. ವಿಜಯಪುರದವರು. ಘೋಡಬಂದರ್ ರಸ್ತೆಯಲ್ಲಿ ಮೆಟ್ರೋ ಕಂಬದ ಕೆಲಸಕ್ಕೆ ಕ್ರೇನ್ ನಡೆಸ್ತಾರಂತೆ. ಪ್ರಸನ್ನನಾ ಅಂತ ಕೇಳಿದೆ, 'ಅಲ್ರಿ, ಅಲ್ಲೆ ಅಕ್ಕಾರು ಶೇರ್ ಮಾಡ್ರಿ ಅಂದ್ರು' ಅಂದ್ರು. ಲೇಟ್ ಬಂದವನು ನಿಲ್ಲಲಿ ಅಂತ ನಾನೂ ಸುಮ್ಮನಿದ್ದೆ. ಹೆಂಡತಿ, ಮಗಳ ಫೋಟೋ ತೋರಿಸಿದ್ರು. ಯಾರಿಗೆ ಕಾಯ್ತಾ ಇದೀರಿ ಅಂತ ಕೇಳಿದ್ರು, ಹೇಳಿದೆ. ಅವರು ಏನಂದ್ರು ಗೊತ್ತಾ?" ಎಂದು ಶ್ರದ್ಧಾ ಅವನ ಧಾಟಿಯಲ್ಲೇ ಹೇಳಲು ಹೋಗಿ ಒದ್ದಾಡಿದಳು. ಅವನು ಹೇಳಿದ್ದು ಇದು: "ಹುಡುಗ ಹಸದಾಗ ಹೆಂಗ ಇರ್ತಾನ ನೋಡ್ರಿ ತಂಗಿ. ಹೊಟ್ಟಿ ತುಂಬಿದ ಮ್ಯಾಲೆ ಎಲ್ಲಾರೂ ಚಲೋನ ಇರ್ತಾರ."

ಅದಕ್ಕೇ ಅವಳು ಬಾಯಿಬಿಟ್ಟು ನಕ್ಕಿದ್ದು. ಸ್ವಲ್ಪ ಹೊತ್ತಿನ ಮೇಲೆ, ಇನ್ನೂ ನಗುತ್ತಲೇ ತಲೆ ಎತ್ತಿದರೆ ಸೋಂಪಿನ ಬಟ್ಟಲಿನ ಪಕ್ಕದಲ್ಲಿ ಯಾರೋ ಒಬ್ಬ, ಹಸಿವಿನಿಂದ ಬಾಡಿದವನು, ಅವಳ ಪಪ್ಪನ ಕೈ ಹಿಡಿದು ಬೇಡ ಬೇಡ ಎನ್ನುತ್ತಿದ್ದ. ಅವಳಿಗೆ ಅವನು ಯಾರೆಂದು ಗೊತ್ತಿರಲಿಲ್ಲ. ಪಕ್ಕದಲ್ಲಿ ಬಂದವರಿಗೆಲ್ಲ ಸರಿದು ಜಾಗ ಕೊಡುವುದನ್ನೂ ನೋಡಿದಳು. ಪ್ರಸನ್ನನೂ ಅಷ್ಟೆ, ತನ್ನನ್ನು ಯಾರೂ ನೋಡುತ್ತಿಲ್ಲವೆಂದುಕೊಂಡು ಹಪ್ಪಳ ಮುರಿಯುತ್ತಾ ನಗುವ ಹುಡುಗಿಯನ್ನು ನಿಂತಲ್ಲಿಂದಲೇ ನೋಡಿದನಂತೆ. "ಬಾಕಿ ಎಲ್ಲಾ ಮೀಟಿಂಗಲ್ಲಿ ಇಬ್ರೂ ತಯಾರಾಗಿ ಕೂತಿರ್ತೇವೆ ಅಮ್ಮಾ. ಇದರಲ್ಲಿ ತಯಾರಾಗ್ಲಿಕ್ಕೆ ಆಗ್ಲಿಲ್ಲ" ಎಂದಳು ಶ್ರದ್ಧಾ. ನನಗೆ ಆದ ಸಂತೋಷಕ್ಕೆ ಏನು ಮಾಡಬೇಕೆಂದೇ ತಿಳಿಯದೆ ಕುಕ್ಕರ್ ಇಟ್ಟೆ. ಅನ್ನ ಆಗಲೇ ಆಗಿತ್ತು.

ಇದು ವಿಧಿಯೋ, ರೈಲ್ವೆಯೋ, ನನ್ನ ಕೈಯೋ ಎಂಬ ವಾದ ನಮ್ಮ ಮನೆಯಲ್ಲಿ ಇನ್ನೂ ಮುಗಿದಿಲ್ಲ. ಇವರು ಮಾತ್ರ, "ಭಾನುವಾರದ ರಶ್ಶು, ಅದರಲ್ಲೆಂತದ್ದು" ಎಂದು ಸಾಂಬಾರಿನ ಉಪ್ಪು ನೋಡಲು ಹೋಗುತ್ತಾರೆ.

ಈರಣ್ಣ ಆಮೇಲೆ ನಮ್ಮಲ್ಲಿ ರೂಢಿಯ ಗಿರಾಕಿಯಾದ, ರಜೆ ಸಿಕ್ಕಿದ ದಿನ ಊಟಕ್ಕೆ ಇಲ್ಲಿಯೇ. ಮದುವೆಯ ಕರೆಯೋಲೆ ಅವನ ಕೈಯಲ್ಲಿಟ್ಟ ದಿನ ಕೇಳಿದ: "ಒಂದ್ ಮಾತ್ ಕೇಳ್ತೀನ್ರಿ ಅಕ್ಕಾರ. ಅವತ್ತ ನನಗ ಹುಗ್ಗಿ ಯಾಕ್ರಿ ಕಳಿಸಿದ್ರಿ? ಬಿಲ್ಲಿಗೂ ಹಚ್ಚಲಿಲ್ಲ."

ನಿಜ ಹೇಳಿದೆ. ಅಳಿಯನಿಗೆಂದು ಮಾಡಿದ್ದು, ನಿಮ್ಮ ಬೆನ್ನು ನೋಡಿ ಮೋಸಹೋದೆ ಎಂದೆ. ನಗುತ್ತಾನೆ ಎಂದುಕೊಂಡಿದ್ದೆ. ಅವನು ನಗಲಿಲ್ಲ, ಕರೆಯೋಲೆಯ ಅಂಚನ್ನು ಹೆಬ್ಬೆರಳಿನಿಂದ ಸವರುತ್ತಾ ನಿಂತ.

"ಅವತ್ತ ನನ್ನ ಮಗಳ ಹುಟ್ಟಿದ ದಿನಾ ಇತ್ರಿ. ರಜಾ ಸಿಕ್ಕಿದ್ದು ಒಂದ ದಿನಾ, ಊರಿಗೆ ಹ್ಯಾಂಗ ಹೋಗ್ಲಿ? ಮಾರ್ಕೆಟ್ಟಿನಾಗ ಅಕಿಗೊಂದು ಫ್ರಾಕ್ ತಗೊಂಡು, ಉಣ್ಣಾಕ ಇಲ್ಲಿ ಬಂದೆ. ಕೇಳದ ಹುಗ್ಗಿ ಬಂತು. ಹೊರಗ ಹೋದಾಂವ ಹೇಣ್ತಿಗೆ ಫೋನ್ ಹಚ್ಚಿ ಹೇಳಿದೆ, ಇಲ್ಲೊಬ್ಬಾಕಿ ತಾಯಿ ನಮ್ಮ ಕೂಸಿನ ಹೆಸರಿಲೆ ನನಗ ಹುಗ್ಗಿ ಉಣಿಸ್ಯಾಳ ಅಂತ. ಅಕಿ ಅತ್ತಳ್ರಿ." ಕರೆಯೋಲೆಯನ್ನು ಜೋಪಾನವಾಗಿ ಜೇಬಿಗಿಟ್ಟುಕೊಂಡು, "ಬ್ಯಾರೆದವರ ಪಾಲಿಂದು ಅಂತ ಗೊತ್ತಿದ್ರ ಗಂಟಲದಾಗ ಇಳೀತಿರಲಿಲ್ರಿ" ಎಂದ.

ನನ್ನ ಕಣ್ಣು ತುಂಬಿತು. ಗಲ್ಲಾದ ಮುಂದೆ ಸಾಲು ಬೆಳೆಯುತ್ತಿತ್ತು, ಬೆಳೆಯಲಿ. "ಅದು ನಿಮ್ಮ ಪಾಲಿಂದೇ ಈರಣ್ಣ" ಎಂದೆ. "ನಾನು ತಪ್ಪಿ ಕಳಿಸಿದ್ದಲ್ಲ."

ಮದುವೆಗೆ ಅವನ ಹೆಂಡತಿ, ಮಗಳು ವಿಜಯಪುರದಿಂದ ಬಂದರು. ಫ್ರಾಕು ಆ ಹುಡುಗಿಗೆ ಆಗಲೇ ಸ್ವಲ್ಪ ಗಿಡ್ಡವಾಗಿತ್ತು. ಹೆಂಡತಿ ದೊಡ್ಡ ಡಬ್ಬಿಯ ತುಂಬಾ ಗೋಧಿ ಹುಗ್ಗಿ ಮಾಡಿ ತಂದಿದ್ದಳು. ಗಟ್ಟಿಯೆಂದರೆ ಗಟ್ಟಿ, ಸೌಟು ನೆಟ್ಟಗೆ ನಿಲ್ಲುತ್ತಿತ್ತು. ಸೀದಾ ಸ್ಟೇಜು ಹತ್ತಿ ಮದುಮಗನ ಕೈಯಲ್ಲೇ ಕೊಟ್ಟು, "ನಿಮ್ಮದು ನಮ್ಮನಿಯಾಗ ಬಾಕಿ ಉಳದಿತ್ರಿ" ಎಂದಳು.

ಇಷ್ಟು ಗೊತ್ತಿದ್ದರೆ ಖಾರಘರದ ಸೋಫಾಕ್ಕೆ ವಾಪಸು ಬರಬಹುದು. ಟಿವಿಯಲ್ಲಿ ಆ ಪಾಪದವನು ಚಮಚ ಹಿಡಿದು ಹಾಗೇ ನಿಂತುಹೋಗಿದ್ದ. "ಆ ಇನ್ನೊಬ್ಬ ಊಟ ಮಾಡಿದ್ನಾ ಇಲ್ವಾ?" ಎಂದು ನಾನು ಕೇಳಿದ್ದೆ. ಮಗಳು ಹಣೆ ಚಚ್ಚಿಕೊಂಡಿದ್ದಳು. ಅವಳ ಮಡಿಲಲ್ಲಿದ್ದ ತಟ್ಟೆಯಲ್ಲಿ ಒಂದು ಅಗುಳೂ ಉಳಿದಿರಲಿಲ್ಲ, ಅದನ್ನು ನಾನು ಮೊದಲೇ ನೋಡಿಕೊಂಡಿದ್ದೆ.

ಪ್ರಸನ್ನ ರಿಮೋಟ್ ಪಕ್ಕಕ್ಕಿಟ್ಟು, ಬಹಳ ಗಂಭೀರವಾಗಿ ನನ್ನ ಮುಖ ನೋಡಿ ಹೇಳಿದ: "ಊಟ ಮಾಡಿದಾನೆ ಅತ್ತೆ, ಹೊಟ್ಟೆ ತುಂಬಾ ಮಾಡಿದಾನೆ. ನನ್ನ ಪಾಯಸಾನೂ ಅವನೇ ತಿಂದಿದಾನೆ. ಮನೆಗೆ ಫೋನೂ ಮಾಡಿದಾನೆ."